ಗೇಟಿನ ಬಳಿ ಮಲಗಿದ ಗೆರೆ

ದಕ್ಷಿಣ ಟ್ಯುನೀಷಿಯಾದಲ್ಲಿ ಫಾಸ್ಫೇಟ್ ಹೊರುವ ರೈಲುಗಳ ಓಟವನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವುದು ವಸೀಲಾಳ ಕೆಲಸ. ಅಡ್ಡಕ್ಕೆ ಹೊತ್ತು, ಮೇಲಕ್ಕೆ ದೂರ. ಗೆರೆ ಕಡಿದಾದಷ್ಟೂ ರೈಲು ಜೋರು. ಮಲಗಿತೋ, ರೈಲು ನಿಂತಿದೆ. ಇಷ್ಟು ಗೊತ್ತಿದ್ದರೆ ಡ್ರೈವರನ ಬಾಯಿಂದ ಕೇಳುವ ಗೊಡವೆಯೇ ಬೇಡ.

ಆ ರಂಜಾನಿನಲ್ಲಿ ಡ್ರೈವರ್ ಲಮೀನನ ರೈಲು ತಿರುವೊಂದರಲ್ಲಿ ಹಳಿ ತಪ್ಪಿತು. ಯಾರಿಗೂ ಏನೂ ಆಗಲಿಲ್ಲ. ಆ ತಿರುವಿನಲ್ಲಿ ಗಂಟೆಗೆ ಅರವತ್ತು ಕಿಲೋಮೀಟರು ಮೀರುವಂತಿಲ್ಲ, ಎಂಜಿನ್ನಿನ ವೇಗದ ಮುಳ್ಳೋ ಕೆಟ್ಟು ವರ್ಷವಾಗಿತ್ತು. ಸಂಜೆ ಆರಕ್ಕೆ ನಿಲ್ದಾಣ ಬಿಟ್ಟದ್ದು, ಮೂವತ್ತು ಕಿಲೋಮೀಟರು ಆಚೆ ಆರು ಮೂವತ್ತಾರಕ್ಕೆ ಹಳಿ ತಪ್ಪಿದ್ದು, ಇಷ್ಟೇ ದಾಖಲೆ. ತನಿಖಾಧಿಕಾರಿ ಎರಡು ಚುಕ್ಕೆಗಳ ನಡುವೆ ನೇರ ಗೆರೆ ಎಳೆದ.

"ಗಂಟೆಗೆ ಐವತ್ತು. ಡ್ರೈವರ್ ತಪ್ಪೇನಿಲ್ಲ. ಹಳಿ ನೋಡ್ಕೊಳ್ಳೋ ಆ ಮೊಖ್ತಾರ್‌ನ ಮನೆಗೆ ಕಳಿಸಿ."

"ದಾರ ಹಿಡಿದು ಎಳೆದ ಹಾಗೆ ನೇರ ಇದೆ ಗೆರೆ," ಎಂದ ಲಮೀನ್, ನೆಲ ನೋಡುತ್ತ.

ರಂಜಾನಿನ ಸಂಜೆ ನೇರ ಗೆರೆಯಂತೆ! ಈ ಪುಣ್ಯಾತ್ಮ ರಾಜಧಾನಿಯಿಂದ ಬಂದವನು, ಅವನಿಗೇನು ಗೊತ್ತು. ಉಪವಾಸ ಬಿಡುವ ಸಂಜೆಯ ಬಾಂಗ್ ಆಗುವ ಹೊತ್ತಿಗೆ ಹನ್ನೆರಡನೇ ಕಿಲೋಮೀಟರಿನ ರೈಲ್ವೆ ಗೇಟಿನಲ್ಲಿ ರೈಲು ನಿಲ್ಲುತ್ತದೆ. ಡ್ರೈವರ್ ಖರ್ಜೂರ ತಿಂದು, ಸೂಪು ಕುಡಿದು ಹೊರಡುತ್ತಾನೆ. ಅಜ್ಜಂದಿರ ಕಾಲದ ರೂಢಿ, ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಆ ಗೇಟು ಕಾಯುವವಳು ವಸೀಲಾಳ ತಾಯಿ.

ಬಾಯಿ ಬಿಟ್ಟರೆ ತಾಯಿಯ ಕೆಲಸಕ್ಕೂ ಕುತ್ತು, ಎರಡು ತಿಂಗಳಲ್ಲಿ ನಿವೃತ್ತನಾಗಲಿದ್ದ ಲಮೀನನ ಪಿಂಚಣಿಗೂ ಕುತ್ತು. ಸುಮ್ಮನಿದ್ದರೆ ಮೊಖ್ತಾರ್ ಬೀದಿಪಾಲು.

"ಸಾಹೇಬ್ರೇ, ಆವತ್ತು ಬಾಂಗ್ ಆಗಿದ್ದು ಆರು ಹದಿನಾಲ್ಕಕ್ಕೆ. ರೈಲು ಆಗ ಗೇಟಲ್ಲಿ ನಿಂತಿತ್ತು," ಎಂದಳು.

ಪೆನ್ಸಿಲ್ ತೆಗೆದುಕೊಂಡಳು. ಗೇಟಿನವರೆಗೆ ಹನ್ನೆರಡು ಕಿಲೋಮೀಟರು, ಹದಿನಾಲ್ಕು ನಿಮಿಷ. ಅಲ್ಲಿಂದ ಎಂಟು ನಿಮಿಷ ಗೆರೆ ಅಡ್ಡ ಮಲಗಿತು. ಉಳಿದ ಹದಿನೆಂಟು ಕಿಲೋಮೀಟರಿಗೂ ಹದಿನಾಲ್ಕೇ ನಿಮಿಷ. ಗೆರೆ ಸೆಟೆದು ಮೇಲೆದ್ದಿತು. ಗಂಟೆಗೆ ಎಪ್ಪತ್ತೇಳು.

"ಎಂಟೇ ನಿಮಿಷ ಅಂತ ನಿಂಗೆ ಹ್ಯಾಗಮ್ಮ ಗೊತ್ತು?"

"ಸೂಪು ಕೊಡೋದು ನಮ್ಮಮ್ಮ. ಒಂದು ಬಟ್ಟಲಿಗೆ ಅಷ್ಟಾಗತ್ತೆ."

ಅಧಿಕಾರಿ ಲಮೀನನತ್ತ ತಿರುಗಿದ. ಲಮೀನ್ ಎದ್ದು ಬಂದು ಕಾಗದದ ಮೇಲೆ ಬಗ್ಗಿ, ಅಡ್ಡ ಮಲಗಿದ ಗೆರೆಯ ಮೇಲೆ ಬೆರಳಿಟ್ಟ.

"ಆವತ್ತು ಸೂಪು ಸುಡ್ತಿತ್ತು, ಮಗಳೇ," ಎಂದ. "ಒಂಬತ್ತು ನಿಮಿಷ ಹಾಕು."

ವಸೀಲಾ ಕೊನೆಯ ಗೆರೆ ಅಳಿಸಿ, ಇನ್ನಷ್ಟು ಕಡಿದಾಗಿ ಎಳೆದಳು.