ಎಡಗಡೆ ಕಿಸೆಯ ತೂತು

ನಾನು ಒಂದು ಉಣ್ಣೆಯ ಕೋಟು. ಬೂದಿ ಬಣ್ಣ, ಮೊಣಕಾಲಿನವರೆಗೆ ಉದ್ದ, ಮುಂದೆ ಆರು ದಪ್ಪ ಗುಂಡಿ. ಹುಟ್ಟಿದ್ದು ಧಾರವಾಡದ ಒಂದು ಓಣಿಯಲ್ಲಿ, ಯುಗಾದಿ ಕಳೆದ ಮೇಲಿನ ಉರಿಬಿಸಿಲಿನಲ್ಲಿ. ನನ್ನನ್ನು ಹೊಲಿಯುವಾಗ ದರ್ಜಿ ಮೌಲಾಸಾಬರ ಬೆವರು ನನ್ನ ಕಾಲರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅಲ್ಲಿಯವರೆಗೆ ಅವರು ಅಂಗಿ, ಪೈಜಾಮ, ಶಾಲೆಯ ಚಡ್ಡಿ ಬಿಟ್ಟು ಬೇರೇನೂ ಹೊಲಿದವರಲ್ಲ. ಯಾವುದೋ ಇಂಗ್ಲಿಷ್ ಪತ್ರಿಕೆಯ ಚಿತ್ರವೊಂದನ್ನು ಗೋಡೆಗೆ ಸಿಕ್ಕಿಸಿ, ಅದನ್ನು ನೋಡಿ ನೋಡಿ ನನ್ನನ್ನು ಕತ್ತರಿಸಿದರು.

ಹೊರಗಿನ ಬಟ್ಟೆಗೆ ಅವರು ಏನೂ ಕಡಿಮೆ ಮಾಡಲಿಲ್ಲ. ಕೆಳಗಿನ ಅಂಚಿಗೆ ಎರಡೆರಡು ಸಲ ಹೊಲಿಗೆ ಹಾಕಿದರು. ಆ ಅಂಚಿನ ಬಗ್ಗೆ ನನಗೆ ಮೊದಲಿನಿಂದಲೂ ಸೊಕ್ಕು. ಆದರೆ ಕಿಸೆಗಳ ಸರದಿ ಬರುವಷ್ಟರಲ್ಲಿ ಒಳ್ಳೆಯ ಅಸ್ತರಿನ ಬಟ್ಟೆ ತೀರಿಹೋಗಿತ್ತು. ಯಾರದೋ ಪೈಜಾಮದಲ್ಲಿ ಉಳಿದ ತೆಳ್ಳನೆಯ ತುಂಡು ತೆಗೆದುಕೊಂಡು, "ಒಳಗಿಂದು ಯಾರ್ ನೋಡ್ತಾರ," ಎಂದು ತಮಗೆ ತಾವೇ ಹೇಳಿಕೊಂಡು ಎರಡೂ ಕಿಸೆ ಮುಗಿಸಿದರು.

ನನ್ನನ್ನು ಹೊಲಿಸಿದವರು ಡಾ. ಗುರುಸಿದ್ಧಪ್ಪ ಕಮತಗಿ. ಊರ ಹೊರಗಿನ ಬೆಳೆ ಸಂಶೋಧನಾ ಕೇಂದ್ರದಲ್ಲಿ ಜೋಳಕ್ಕೆ ಬರುವ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದ ತರುಣ ವಿಜ್ಞಾನಿ. ಒಂದು ಸಂಸ್ಥೆ ಮೂವತ್ತೈದು ತುಂಬದ ವಿಜ್ಞಾನಿಗಳಿಗೆ ಸಹಾಯಧನ ಕೊಟ್ಟು, ನಮ್ಮಲ್ಲಿ ಕಲಿಸದ ವಿದ್ಯೆ ಕಲಿತುಬನ್ನಿ ಎಂದು ಹೊರದೇಶದ ತರಬೇತಿಗಳಿಗೆ ಕಳಿಸುತ್ತಿತ್ತು. ವಿಮಾನದ ಟಿಕೆಟ್ಟು, ಇರಲು ಕೋಣೆ, ಊಟ, ಪುಸ್ತಕ ಎಲ್ಲವೂ ಅವರದೇ. ಕೋಟು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಆ ಪಟ್ಟಿ ಬರೆದವರು ಚಳಿ ದೇಶದವರಿರಬೇಕು. ಮನೆಯಲ್ಲಿ ಕೋಟೇ ಇಲ್ಲದ ಮನುಷ್ಯನೂ ಇರಬಹುದೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಆ ಚಳಿಗಾಲ ಕಮತಗಿ ಸರ್ ನನ್ನನ್ನು ಹಾಕಿಕೊಂಡು ಆರು ವಾರ ಹಿಮದಲ್ಲಿ ಓಡಾಡಿದರು. ಮರಳಿ ಬಂದ ದಿನ ಬಸ್ ಸ್ಟ್ಯಾಂಡಿನಿಂದ ಮನೆಗೂ ಹೋಗದೆ ನೇರ ಪ್ರಯೋಗಾಲಯಕ್ಕೆ ಬಂದು, ಕೋಟು ಬಿಚ್ಚುವುದನ್ನೂ ಮರೆತು, ಕಲಿತದ್ದನ್ನೆಲ್ಲ ಕರಿಹಲಗೆಯ ಮೇಲೆ ಬರೆದು ಬರೆದು ಹೇಳಿದರು. ಬೆವರಿಳಿದು ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಂದಿನಿಂದ ಕೇಂದ್ರದಲ್ಲಿ ಅದೇ ಪದ್ಧತಿಯಾಯಿತು. ಸಹಾಯಧನ ಸಿಕ್ಕಿ ಹೊರಟವರೆಲ್ಲ ನನ್ನನ್ನು ಒಯ್ಯಬೇಕು, ಬಂದ ಮೇಲೆ ಎಲ್ಲರೆದುರು ನಿಂತು ಕಲಿತದ್ದನ್ನು ಹೇಳುವ ತನಕ ಕೋಟು ಬಿಚ್ಚುವಂತಿಲ್ಲ. ಸೆಕೆಗೆ ಹೆದರಿ ಯಾರೂ ಭಾಷಣ ಉದ್ದ ಮಾಡುತ್ತಿರಲಿಲ್ಲ. ಮುಗಿದ ಮೇಲೆ ನನಗೆ ಬಾಗಿಲ ಹಿಂದಿನ ಗೂಟ.

ಹೀಗೆ ಹದಿನಾರು ಮಂದಿಯ ಹೆಗಲೇರಿದೆ. ಅಷ್ಟು ತಿರುಗಿದರೆ ಪೈಜಾಮದ ತುಂಡು ತಡೆದೀತೇ? ಎಡಗಡೆ ಕಿಸೆಯ ಮೂಲೆಯಲ್ಲಿ ಬೆರಳು ಹೋಗುವಷ್ಟು ತೂತು ಬಿತ್ತು. ಒಬ್ಬರ ಕಿಸೆಯಿಂದ ಪರದೇಶದ ನಾಣ್ಯ ಜಾರಿತು, ಇನ್ನೊಬ್ಬರದು ಟ್ರಾಮಿನ ಚೀಟಿ, ಮತ್ತೊಬ್ಬರದು ಪೆಪ್ಪರಮೆಂಟು. ಎಲ್ಲವೂ ಅಸ್ತರಿನೊಳಗೆ ಇಳಿದು ನನ್ನ ಕೆಳಗಿನ ಅಂಚಿನಲ್ಲಿ ಕೂತವು. ನಡೆದರೆ ಕಿಣಿಕಿಣಿ ಅನ್ನುತ್ತಿತ್ತು. ನನಗದು ಬಹಳ ಹಿಡಿಸಿತ್ತು, ಸುಳ್ಳು ಏಕೆ ಹೇಳಲಿ. ಎಲ್ಲರೂ ನನ್ನಿಂದ ತೆಗೆದುಕೊಂಡು ಹೋಗುವವರೇ. ನನ್ನದು ಅಂತ ಇದೊಂದಾದರೂ ಇರಲಿ ಅನಿಸುತ್ತಿತ್ತು. ಗೋಕಾವಿ ಎಂಬೊಬ್ಬರು ತೂತು ನೋಡಿ, "ಇದನ್ನ ಹೊಲಿಸಬೇಕಲ್ಲಾ," ಎಂದರು. ಹೊಲಿಸಲಿಲ್ಲ. ನಾನು ಒಳಗೊಳಗೇ ನಿರಾಳವಾದೆ.

ಇನ್ನು ಅನಸೂಯಾ ತಳವಾರಳ ವಿಷಯ. ಇದನ್ನು ಹೇಳಲಿಕ್ಕೇ ಇಷ್ಟು ಸುತ್ತು ಹಾಕಿದೆ.

ಆಕೆ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿಯಲ್ಲಿ ಇದ್ದಳು. ಬೀಜದ ಜೊತೆ ಬರುವ ಬೂಷ್ಟು ರೋಗಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸುವುದು ಆಕೆಯ ಕೆಲಸ. ಕೇಂದ್ರದಲ್ಲಿ ಹೊಸದಾಗಿ ಬೀಜ ಪರೀಕ್ಷಾ ವಿಭಾಗ ತೆರೆಯುವುದಿತ್ತು. ಅದರ ಮುಖ್ಯಸ್ಥರಾಗಲು ಹೊರದೇಶದ ಮೂರು ವಾರದ ಒಂದು ತರಬೇತಿಯ ಪ್ರಮಾಣಪತ್ರ ಬೇಕು ಎಂಬ ಷರತ್ತು. ಆಕೆ ಸಹಾಯಧನಕ್ಕೆ ಎರಡು ಸಲ ಅರ್ಜಿ ಹಾಕಿದ್ದಳು, ಎರಡು ಸಲವೂ ಆಗಲಿಲ್ಲ. ಮೂರನೆಯ ಸಲ ಸಿಕ್ಕಿತು. ಮಾರ್ಚಿಗೆ ಆಕೆಗೆ ಮೂವತ್ತೈದು ತುಂಬುತ್ತಿತ್ತು. ತರಬೇತಿ ಜನವರಿಯಲ್ಲಿ. ಇದು ತಪ್ಪಿದರೆ ಇನ್ನೊಂದಿಲ್ಲ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಕೆಗೆ ಶಿಫಾರಸು ಪತ್ರ ಬರೆದವರು ಕಮತಗಿ ಸರ್. ನಿವೃತ್ತರಾಗಿ ಹತ್ತು ವರ್ಷ ದಾಟಿದ್ದರೂ ಅವರು ದಿನಾ ಬೆಳಿಗ್ಗೆ ಕೇಂದ್ರಕ್ಕೆ ಬರುತ್ತಿದ್ದರು. ಕಟ್ಟಡದ ಹಿಂದೆ ಒಂದು ಮಡಿ ಇದೆ. ಅಭ್ಯಾಸಕ್ಕೆಂದೇ ಅಲ್ಲಿ ಬೇಕಂತಲೇ ರೋಗದ ಜೋಳ ಬೆಳೆಯುತ್ತಾರೆ. ಅದನ್ನು ನೋಡದೆ ಅವರಿಗೆ ಚಹಾ ಸೇರುತ್ತಿರಲಿಲ್ಲ. ಅಲ್ಲಿ ಹೋದವರಿಗೆಲ್ಲ ಒಂದು ಚಟ. ಅನುಮಾನ ಬಂದ ತೆನೆಯನ್ನು ಪಟ್ಟನೆ ಕಿತ್ತು ಕಿಸೆಗೆ ಇಳಿಸುವುದು, ಆಮೇಲೆ ನೋಡೋಣ ಎಂದು. ಈ ಜನರ ಮನೆಯ ಒಗೆಯುವ ಕಲ್ಲಿನ ಸುತ್ತ ಜೋಳ ಮೊಳೆಯುತ್ತದೆ ಎಂದು ಅವರ ಹೆಂಡತಿಯರು ಬೈಯುತ್ತಿದ್ದರಂತೆ.

ಅನಸೂಯಾ ಹೊರಡುವ ಹಿಂದಿನ ದಿನ ಸರ್ ಬಂದು ನನ್ನನ್ನು ಗೂಟದಿಂದ ತೆಗೆದರು. "ತಡೀವಾ, ಇದನ್ನ ಒಂದೀಟು ಬಿಸಲಿಗಿ ಹಾಕತೀನಿ," ಎಂದರು. ಹೊರಗೆ ಜನವರಿಯ ಚಳಿ. ಒಯ್ಯುವ ಕೋಟನ್ನು ಕೈಯಲ್ಲಿ ಹಿಡಿಯುವುದೇಕೆಂದು ಮೈಗೇ ಹಾಕಿಕೊಂಡರು. ಎಷ್ಟೋ ವರ್ಷಗಳ ಮೇಲೆ ಅವರ ಹೆಗಲು ಸಿಕ್ಕಿತು; ನಾನೂ ಹಿಗ್ಗಿದೆ. ಕಾಲು ತನ್ನಷ್ಟಕ್ಕೆ ಮಡಿಯ ಕಡೆ ನಡೆಯಿತು. ಅಲ್ಲೊಂದು ತೆನೆಗೆ ಕಾಡಿಗೆ ರೋಗ ಹತ್ತಿತ್ತು. ಕಾಡಿಗೆ ಹತ್ತಿದರೆ ಕಾಳು ಹೊರಗೆ ಕಾಳಿನ ಹಾಗೇ ಇರುತ್ತದೆ, ಒಡೆದರೆ ಒಳಗೆ ಬರೀ ಕಪ್ಪು ಪುಡಿ. ಸರ್ ಕೈ ತೆನೆ ಮುರಿಯಿತು, ನನ್ನ ಎಡಗಡೆ ಕಿಸೆಗೆ ಹಾಕಿತು. ನಲವತ್ತು ವರ್ಷದ ಚಟ ಹತ್ತಿದ ಕೈ ಅದು.

ನಾಲ್ಕು ಹೆಜ್ಜೆ ನಡೆದು, "ಅಯ್ಯ ಶಿವನ!" ಎಂದರು. ತೆನೆ ತೆಗೆದು ಎಸೆದರು, ಕಿಸೆ ಹೊರಗೆ ಎಳೆದು ಝಾಡಿಸಿದರು. ಅಷ್ಟರಲ್ಲಿ ಐದು ಕಾಳು ತೂತಿನಿಂದ ಒಳಗೆ ಇಳಿದಾಗಿತ್ತು. ಒಂದೊಂದೂ ಜಾರಿದ್ದು ನನಗೆ ಗೊತ್ತಾಯಿತು. ಹೇಳಲು ನನಗೆ ಬಾಯಿಲ್ಲ, ಸರಿ. ಆದರೆ ಆ ಅಂಚಿನ ಒಂದೇ ಒಂದು ಹೊಲಿಗೆ ಬಿಟ್ಟಿದ್ದರೂ ಕಾಳು ನೆಲಕ್ಕೆ ಉದುರುತ್ತಿದ್ದವು. ನನ್ನ ಅಂಚು ಗಟ್ಟಿಯಾಗಿ ಕೂತಿತು.

ಅನಸೂಯಾ ಅಜಾಗರೂಕ ಹೆಣ್ಣಲ್ಲ. ಆ ಸಂಜೆ ನನ್ನನ್ನು ಮೇಜಿನ ಮೇಲೆ ಹಾಸಿ ಬ್ರಶ್ಶಿನಿಂದ ಉಜ್ಜಿದಳು, ಕಿಸೆ ಮಗುಚಿ ನೋಡಿದಳು. ಆಮೇಲೆ ಅಂಚನ್ನು ಹಿಡಿದು ಬೆರಳಾಡಿಸುತ್ತ ಬಂದಳು. ಏನೋ ಕೈಗೆ ಸಿಕ್ಕಿತು. ಅಲುಗಾಡಿಸಿದಳು. ಕಿಣಿಕಿಣಿ ಅಂದಿತು.

"ಇದ ಹಿರೇರ ರೊಕ್ಕ ಅನಸ್ತದ," ಎಂದು ಜೊತೆಯವಳಿಗೆ ಹೇಳಿ ನಕ್ಕಳು. "ಇರಲಿ ಬಿಡು. ಅವರದೂ ಒಂದು ಆಶೀರ್ವಾದ ಇರಲಿ."

ಬಿಚ್ಚದೆ ಬಿಟ್ಟಳು. ನನ್ನ ಸಂಗ್ರಹವೇ ಆ ಐದು ಕಾಳಿಗೆ ಮರೆಯಾಯಿತು.

ಆ ದೇಶದ ವಿಮಾನ ನಿಲ್ದಾಣದಲ್ಲಿ ಬೀಜ, ಮಣ್ಣು, ಗಿಡದ ಭಾಗ ಏನೂ ಇಲ್ಲ ಎಂದು ಬರೆದು ಸಹಿ ಮಾಡಿದಳು. ಒಂದು ಸಣ್ಣ ಕಂದು ನಾಯಿ ಸಾಲಿನ ಪಕ್ಕ ಮೂಸುತ್ತ ಬಂದು ನನ್ನ ಅಂಚಿಗೆ ಮೂಗು ತಾಗಿಸಿ, ಆಕೆಯ ಎದುರು ಕೂತುಬಿಟ್ಟಿತು. ಆಕೆಗೆ ಅರ್ಥವಾಗದೆ ಅದನ್ನು ನೋಡಿ ಮುಗುಳ್ನಕ್ಕಳು. ಆ ನಗುವನ್ನು ನೆನೆದರೆ ನನಗೆ ಈಗಲೂ ತಡೆಯಲಾಗುವುದಿಲ್ಲ.

ಅಧಿಕಾರಿಯೊಬ್ಬಳು ಕತ್ತರಿಯಿಂದ ನನ್ನ ಅಸ್ತರು ಬಿಚ್ಚಿದಳು. ನಾಣ್ಯ ಬಂದವು, ಚೀಟಿ ಬಂತು, ಕರಗಿ ಗಟ್ಟಿಯಾದ ಪೆಪ್ಪರಮೆಂಟು ಬಂತು, ಕೊನೆಗೆ ಐದು ಕಾಳು. ಒಂದನ್ನು ಚಿಮುಟದಲ್ಲಿ ಒತ್ತಿದಳು. ಕಪ್ಪು ಪುಡಿ. ಯಾರೂ ಸೂಕ್ಷ್ಮದರ್ಶಕ ತರಬೇಕಾಗಿರಲಿಲ್ಲ. ಅದು ಯಾವ ರೋಗ, ಯಾವ ಮಡಿಯದು, ಆ ಮಡಿಗೆ ದಿನಾ ಹೋಗುವವರು ಯಾರು, ಹೊರಡುವ ಹಿಂದಿನ ದಿನ ನನ್ನನ್ನು ಹಾಕಿಕೊಂಡವರು ಯಾರು, ಎಲ್ಲವೂ ಅನಸೂಯಾಳಿಗೆ ಆ ಕ್ಷಣವೇ ತಿಳಿಯಿತು. ಸಹಿ ಸುಳ್ಳಾಗಿತ್ತು. ವೀಸಾ ರದ್ದು ಮಾಡಿ ಮುಂದಿನ ವಿಮಾನಕ್ಕೆ ಹತ್ತಿಸಿದರು. ಅವರ ತಪ್ಪೇನಿಲ್ಲ, ನಾಯಿಯದೂ ಇಲ್ಲ. ಅದು ತನ್ನ ಕೆಲಸ ಮಾಡಿತು, ಅಷ್ಟೆ.

ನಾಲ್ಕನೆಯ ದಿನಕ್ಕೆ ಆಕೆ ಕೇಂದ್ರದಲ್ಲಿದ್ದಳು. ಬಂದವರು ಕೋಟು ಹಾಕಿಕೊಂಡು ಮಾತಾಡಬೇಕಲ್ಲ? ಯಾರೂ ಕೇಳಲಿಲ್ಲ. ಆಕೆ ನನ್ನನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಬಂದಿದ್ದಳು.

ಸಹಾಯಧನದ ಸಂಸ್ಥೆ ವಿವರಣೆ ಕೇಳಿ ಪತ್ರ ಬರೆಯಿತು. ವಾಚನಾಲಯದಲ್ಲಿ ಸಭೆ ಸೇರಿತು. ಮೇಜಿನ ಮೇಲೆ ನಾನು, ಹೊಟ್ಟೆ ಹರಿದುಕೊಂಡು. ಒಂದು ಬದಿಗೆ ಅನಸೂಯಾ, ಎದುರಿಗೆ ಕಮತಗಿ ಸರ್. ನಿರ್ದೇಶಕರು ಪತ್ರ ಓದಿ ಹೇಳಿದರು: "ನೋಡ್ರಿ, ಕೇಂದ್ರದವರು ಯಾರರೆ ಮಾಡಿದ ತಪ್ಪು ಅಂತಾದ್ರ ಇನ್ನ ಮುಂದ ನಮ್ಮಲ್ಲಿಂದ ಒಂದೂ ಅರ್ಜಿ ತಗೊಳ್ಳಂಗಿಲ್ಲಂತ. ಹೋದವರದ ಸ್ವಂತ ತಪ್ಪು ಅಂದ್ರ ಅವರೊಬ್ಬರನ್ನಷ್ಟ ಕೈಬಿಡತಾರಂತ. ಈ ಕಾಳು ಯಾರು ಹಾಕಿದ್ದು?"

ಕಮತಗಿ ಸರ್ ಕನ್ನಡಕ ತೆಗೆದರು. ಬಾಯಿ ತೆರೆದರು. ಅವರಿಗೆ ಮಾತು ಹೊರಡುವ ಮೊದಲೇ ಅನಸೂಯಾ ಎದ್ದು ನಿಂತಳು.

"ನಾನರಿ ಸರ್. ಹೊಂಟ ಹಿಂದಿನ ದಿನ ಮಡಿಗೆ ಹೋಗಿದ್ದೆ. ಒಂದು ತೆನಿ ಮುರದು ಕಿಸೇದಾಗ ಹಾಕ್ಕೊಂಡೆ. ಮರತಬಿಟ್ಟೆ."

"ನೀವು?" ಎಂದರು ನಿರ್ದೇಶಕರು.

"ಹೌದ್ರಿ. ನಾನ."

ಸರ್ ಬಾಯಿ ತೆರೆದದ್ದು ತೆರೆದೇ ಇತ್ತು. ಒಂದು ಮಾತು ಸಾಕಿತ್ತು. ಆದರೆ ಸಾಲಿನಲ್ಲಿ ಇನ್ನೂ ನಾಲ್ಕು ಹುಡುಗರು ಅರ್ಜಿ ಹಾಕಿ ಕೂತಿದ್ದರು. ಅವರನ್ನು ನೆನೆದು ಸುಮ್ಮನಾದರೋ, ತಮ್ಮ ನಲವತ್ತು ವರ್ಷದ ಹೆಸರನ್ನು ನೆನೆದು ಸುಮ್ಮನಾದರೋ, ಹೇಳಲಾರೆ. ನನ್ನ ಮೌನಕ್ಕೆ ಬಾಯಿಲ್ಲದ ನೆಪವಿತ್ತು. ಅವರಿಗೆ ಅದೂ ಇರಲಿಲ್ಲ. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

ಬೀಜ ಪರೀಕ್ಷಾ ವಿಭಾಗಕ್ಕೆ ಬೇರೆಯವರು ಮುಖ್ಯಸ್ಥರಾದರು. ಯಾವ ಬೂಷ್ಟು ಯಾವುದು ಎಂದು ಅವರು ದಿನಕ್ಕೆ ಹತ್ತು ಸಲ ಅನಸೂಯಾಳನ್ನೇ ಕೇಳುತ್ತಾರೆ. ಆಕೆ ಹೇಳುತ್ತಾಳೆ.

ಒಂದು ಮಧ್ಯಾಹ್ನ ಕಮತಗಿ ಸರ್ ಆಕೆಯ ಮೇಜಿನ ಬಳಿ ಬಂದು ಕೂತರು. ಆಗ ಅವರಿಗೆ ನಡೆದರೆ ಉಬ್ಬಸ ಬರುತ್ತಿತ್ತು. ಆಕೆ ಚಹಾ ತರಿಸಿದಳು. ಅವರು ಗೂಟದ ಮೇಲಿದ್ದ ನನ್ನ ಕಡೆ ನೋಡಿ, "ಅನಸೂಯಾ, ಆ ಕಾಳು..." ಎಂದರು.

"ಸರ್, ಚಾ ಆರಲಿಕ್ಕತ್ತೈತ್ರಿ," ಎಂದಳು ಆಕೆ.

ಅವರು ಕುಡಿದು ಎದ್ದು ಹೋದರು. ಮಳೆಗಾಲದ ಹೊತ್ತಿಗೆ ತೀರಿಕೊಂಡರು. ಆ ದಿನ ಅವರ ಮಾತನ್ನು ತಡೆದದ್ದು ಆಕೆಯ ಕರುಣೆಯೋ, ಕೊಟ್ಟ ಶಿಕ್ಷೆಯೋ ನನಗೆ ಇಂದಿಗೂ ಬಗೆಹರಿದಿಲ್ಲ. ಅವರು ತೀರಿಕೊಂಡ ಮರುದಿನ ಆಕೆ ನನ್ನನ್ನು ಇಳಿಸಿ, ಎಡಗಡೆ ಕಿಸೆಗೆ ದಪ್ಪ ಖಾದಿ ಬಟ್ಟೆ ಇಟ್ಟು ತಾನೇ ಹೊಲಿದಳು. ಹೊಲಿಯುವಾಗ ಒಂದು ಸಲವಾದರೂ ಬೈಯಬಹುದಿತ್ತು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ನನಗೆ ವಯಸ್ಸಾಗಿದೆ. ನುಸಿ ತಿಂದ ಜಾಗ ಎಣಿಸುವುದನ್ನು ಬಿಟ್ಟಿದ್ದೇನೆ. ಹೊರಟವರು ಹಗುರದ ಜಾಕೀಟು ಒಯ್ಯುತ್ತಾರೆ. ನಾನು ಅನಸೂಯಾಳ ಕಬ್ಬಿಣದ ಸ್ಟೂಲಿನ ಮೇಲೆ ಮಡಿಸಿ ಹಾಕಿದ ಮೆತ್ತೆ. ವರ್ಷಕ್ಕೊಮ್ಮೆ, ಯಾರಾದರೂ ತರಬೇತಿ ಮುಗಿಸಿ ಬಂದಾಗ, ಪದ್ಧತಿ ಬಿಡಬಾರದೆಂದು ನನ್ನನ್ನು ಎಬ್ಬಿಸಿ ಹೆಗಲಿಗೆ ಹಾಕುತ್ತಾರೆ.

ಹೋದ ವಾರ ಮುಬೀನಾ ಬಂದಳು. ಇಪ್ಪತ್ತೇಳರ ಹುಡುಗಿ, ಕೇಂದ್ರ ಸೇರಿ ಎರಡು ವರ್ಷವಾಗಿದೆ, ಹಳೆಯದೇನೂ ಗೊತ್ತಿಲ್ಲ. ಹೋದದ್ದು ಅದೇ ದೇಶಕ್ಕೆ, ಅದೇ ಮೂರು ವಾರದ ತರಬೇತಿಗೆ. ನನ್ನನ್ನು ಹಾಕಿಕೊಂಡು ಅರ್ಧ ಗಂಟೆ ಚೆನ್ನಾಗಿ ಮಾತಾಡಿದಳು. ಬೆವರು ಒರೆಸಿಕೊಳ್ಳುತ್ತ ನನ್ನನ್ನು ಬಿಚ್ಚಿ ಅನಸೂಯಾಳ ಕೈಗೆ ಕೊಡುವಾಗ ಕೇಳಿದಳು: "ಅಕ್ಕಾ, ನೀವು ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗಿದ್ರಿ?"

ಹಳಬರು ನೆಲ ನೋಡಿದರು.

"ವಿಮಾನ ನಿಲ್ದಾಣದ ಮಟಾ ಹೋಗಿದ್ದೆನವಾ," ಎಂದಳು ಅನಸೂಯಾ.

"ಅಷ್ಟ? ಮತ್ತ ಅಲ್ಲೇನ್ ಕಲತ್ರಿ?"

ಅನಸೂಯಾ ತುಸು ಯೋಚಿಸಿದಳು. "ಕಿಸೆ ನೋಡ್ಕೊಳ್ಳೋದು ಕಲತೆ," ಎಂದಳು.

ಮುಬೀನಾ ಗೊಳ್ಳೆಂದು ನಕ್ಕಳು. ಆಕೆ ನಕ್ಕಿದ್ದಕ್ಕೆ ಅನಸೂಯಾಳೂ ನಕ್ಕಳು. ಕೈ ಮಾತ್ರ ನನ್ನ ಎಡಗಡೆ ಕಿಸೆಯ ಮೂಲೆಯಲ್ಲಿ, ತಾನೇ ಹಾಕಿದ ಹೊಲಿಗೆಯ ಮೇಲೆ ಓಡಾಡುತ್ತಿತ್ತು.

ಎಲ್ಲರೂ ಚಹಾಕ್ಕೆ ಹೋದರು. ಆಕೆ ನನ್ನನ್ನು ಮಡಿಸಿ ಸ್ಟೂಲಿನ ಮೇಲೆ ಹಾಕಿ ಕೂತಳು. ಮುಬೀನಾ ತರಬೇತಿಯಲ್ಲಿ ಬರೆದುಕೊಂಡ ಟಿಪ್ಪಣಿಯ ಪುಸ್ತಕ ಮೇಜಿನ ಮೇಲಿತ್ತು. ಅದನ್ನು ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲನೆಯ ದಿನದ ಪಾಠದಿಂದ ಓದಲು ಶುರುಮಾಡಿದಳು.