ಸೊನ್ನೆ ಬರೆದವರು

"ಟಾಂಜಾನಿಯಾದಲ್ಲೇ ಅಗ್ಗ ಅಂತ ಬಂದಾಯ್ತಲ್ಲ, ಮತ್ತೆಂಥ ತಕರಾರು ನಿಮ್ಮದು?"

ರಾಮನಾಥ ಕೈಗಡಿಯಾರ ನೋಡಿಕೊಂಡ. ಎರಡು ಗಂಟೆಗೆ ಬ್ಯಾಂಕಿನವರೊಡನೆ ಮೀಟಿಂಗು. ಮೆನ್ಲೋ ಪಾರ್ಕಿನ ಆ ಆಫೀಸಿನಲ್ಲಿ ಅವನು ಮ್ಯಾನೇಜರು, ಜಯಂತಿ ಅಂಕಿಅಂಶದವಳು. ಅವಳ ಮೇಜಿನ ಮೇಲೆ ಒಟ್ಟು ಎಂಬತ್ತು ಫಾರಂಗಳ ಎರಡು ಕಟ್ಟು: ಕೆನ್ಯಾದ ನಲವತ್ತು ಅಂಗಡಿ, ಟಾಂಜಾನಿಯಾದ ನಲವತ್ತು ಅಂಗಡಿ. ವ್ಯಾಪಾರದ ಟೆಲಿಫೋನಿಗೆ ತಿಂಗಳ ಬಾಡಿಗೆ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. ಯಾವ ದೇಶದಲ್ಲಿ ದುಬಾರಿಯೋ ಆ ದೇಶಕ್ಕೆ ಹೊಸ ಲೈನು ಎಳೆಯಲು ಬ್ಯಾಂಕಿನ ಸಾಲ. ಇನ್ನೊಂದು ದೇಶಕ್ಕೆ ಸದ್ಯಕ್ಕೆ ಏನೂ ಇಲ್ಲ.

ಟಾಂಜಾನಿಯಾದ ನಲವತ್ತರಲ್ಲಿ ಹದಿನೇಳು ಅಂಗಡಿಯವರು ಬಾಡಿಗೆಯ ಚೌಕದಲ್ಲಿ ಸೊನ್ನೆ ಬರೆದಿದ್ದರು. ಕೆನ್ಯಾದಲ್ಲಿ ಮೂವರು. ಕಂಪ್ಯೂಟರು ಸೊನ್ನೆಗಳನ್ನೂ ಕೂಡಿಸಿ ಸರಾಸರಿ ತೆಗೆದಿತ್ತು.

ಫಾರಂ ಜಯಂತಿಯದೇ. ಯಾವ ಚೌಕವನ್ನೂ ಖಾಲಿ ಬಿಡಬಾರದು, ಏನೂ ಇಲ್ಲದಿದ್ದರೆ ಸೊನ್ನೆ ಬರೆಯಿರಿ ಎಂದು ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದ್ದಳು. ಒಂದು ಚೌಕ ಖಾಲಿ ಬಿಟ್ಟದ್ದಕ್ಕೆ ಕಾರ್ಕಳದ ಕಚೇರಿಯ ಕಿಟಕಿಯಿಂದ ಮೂರು ಸಲ ಅರ್ಜಿ ವಾಪಸ್ಸಾದವಳ ಬುದ್ಧಿ ಅದು. ಅಂಗಡಿಯವರು ಖಾಲಿ ಬಿಟ್ಟಿದ್ದರೆ ಕಂಪ್ಯೂಟರು ಆ ಚೌಕಗಳನ್ನು ಲೆಕ್ಕಕ್ಕೆ ಹಿಡಿಯದೆ ದಾಟಿ ಹೋಗುತ್ತಿತ್ತು.

ಕೊನೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಯಾರೂ ಹೇಳದೆ ಸೇರಿಸಿದ್ದಳು: ಫೋನು ಬುಕ್ ಮಾಡಿದ್ದು ಯಾವಾಗ, ಬಂದದ್ದು ಯಾವಾಗ? ಊರಲ್ಲಿ ಯಾರ ಅಂಗಡಿಯಲ್ಲಿ ಫೋನು ಕಂಡರೂ ಮೊದಲು ಕೇಳುವುದು ಅದನ್ನೇ. ಆ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಲು ಜಾಗವಿರಲಿಲ್ಲವಾಗಿ ಯಾರೂ ಓದಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ಓದಿದಳು. ಟಾಂಜಾನಿಯಾದ ಮ್ವಾಂಜಾ ಎಂಬ ಊರಿನ ಒಬ್ಬ ದರ್ಜಿ ಹೆಂಗಸು ಪೆನ್ಸಿಲಿನಲ್ಲಿ ಬರೆದಿದ್ದಳು: ಎಪ್ಪತ್ತೆಂಟರಲ್ಲಿ ಅರ್ಜಿ ಹಾಕಿದೆ, ಎಂಬತ್ತಾರಾಯಿತು, ಬಂದಿಲ್ಲ. ಬಟ್ಟೆ ಬಂತೇ ಎಂದು ಕೇಳಲು ದಿನಾ ದೋಣಿಕಟ್ಟೆಗೆ ನಡೆಯುತ್ತೇನೆ.

"ಸೊನ್ನೆ ಅಂದ್ರೆ ಧರ್ಮಕ್ಕೆ ಸಿಕ್ಕಿದ್ದು ಅಂತಲ್ಲ ಸರ್. ಫೋನೇ ಇಲ್ಲ ಅಂತ."

"ಅವರು ಬರೆದದ್ದು ಸೊನ್ನೆ, ನಾವು ಹಾಕಿದ್ದು ಸೊನ್ನೆ. ಅದರೊಳಗೆ ಕಣ್ಣೀರು ಹುಡುಕ್ಲಿಕ್ಕೆ ನಮಗೆ ಯಾರೂ ದುಡ್ಡು ಕೊಡುದಿಲ್ಲ ಮಾರಾಯ್ತಿ."

ಸೋಮವಾರವೇ ಬ್ಯಾಂಕಿಗೆ ಫೋನಿನಲ್ಲಿ ಅಂಕಿ ಹೇಳಿಬಿಟ್ಟಿದ್ದನಂತೆ. ಈಗ ತಿರುಗಿಸಿದರೆ ಮುಂದಿನ ಕೆಲಸ ಸಿಗುವುದಿಲ್ಲವಂತೆ. ಹೇಳಿದ್ದನ್ನೇ ಹೇಳಿದ. ಅವಳೂ ಹೇಳಿದ್ದನ್ನೇ ಹೇಳಿದಳು. ಗಾಜಿನ ಗೋಡೆಗೆ ಹೇಳಿದ ಹಾಗೆ. ತಪ್ಪಾಗಿದೆಯೆಂದು ಬ್ಯಾಂಕಿಗೆ ಫೋನು ಮಾಡಿ ಜಗಳ ತೆಗೆಯುವಂತೆಯೂ ಇರಲಿಲ್ಲ ಆ ಹದಿನೇಳು ಜನ.

"ಸೊನ್ನೆ ಬರೀರಿ ಅಂತ ಅವರಿಗೆ ಹೇಳಿದ್ದು ಯಾರು? ನೀವೇ ಅಲ್ವಾ? ಆ ಮಾತು ಎದ್ರೆ ಯಾರ ತಲೆಗೆ ಬರ್ತದೆ?" ದನಿ ತಗ್ಗಿಸಿದ. "ನಿಮ್ಮ ಗ್ರೀನ್ ಕಾರ್ಡಿನ ಕಾಗದ ನನ್ನ ಡ್ರಾಯರಿನಲ್ಲೇ ಉಂಟು. ಸಂಜೆ ಸೈನು ಹಾಕ್ತೇನೆ. ಈಗ ಈ ವರದಿಗೆ ನಿಮ್ಮ ಹೆಸರು ಹಾಕಿ ಕೊಡಿ."

ಜಯಂತಿ ಕೀಬೋರ್ಡಿನತ್ತ ತಿರುಗಿದಳು. ರಾಮನಾಥ ಸಮಾಧಾನದಿಂದ ಕಾಫಿ ತರಲು ಹೋದ.

ಅವಳು ಒಂದೊಂದು ಸೊನ್ನೆಯನ್ನೂ ಅಳಿಸಿ, ಆ ಜಾಗದಲ್ಲಿ ಫೋನು ಇಲ್ಲ ಎಂದೂ ಎಷ್ಟು ವರ್ಷದಿಂದ ಇಲ್ಲ ಎಂದೂ ಇಂಗ್ಲಿಷಿನಲ್ಲಿ ಹೊಡೆದಳು. ಸರಾಸರಿ ಮೇಲೇರಿ, ಟಾಂಜಾನಿಯಾ ಕೆನ್ಯಾವನ್ನು ದಾಟಿತು. ಕೆಳಗೆ ತನ್ನ ಪೂರ್ತಿ ಹೆಸರು, ಅದರಡಿ ಇನ್ನೊಂದು ಸಾಲು: ಮೊದಲ ಲೆಕ್ಕದ ತಪ್ಪು ನನ್ನ ಫಾರಮಿನದು.

ಪ್ರಿಂಟರು ಕಿರುಚಲು ಶುರುಮಾಡಿತು. ರಾಮನಾಥ ಕಾಫಿಯ ಲೋಟ ಹಿಡಿದೇ ಬಂದು ಬಗ್ಗಿ ಓದಿದ. ಮೂರನೆಯ ಸಾಲಿಗೆ ಲೋಟ ಕೆಳಗಿಟ್ಟ. ಕಾಗದದ ಅಂಚು ಹಿಡಿದುಕೊಂಡು ಅವಳ ಮುಖ ನೋಡಿದ. ಪ್ರಿಂಟರು ಅವನ ಹಿಡಿಯೊಳಕ್ಕೇ ಮುಂದಿನ ಸಾಲನ್ನು ತಳ್ಳಿತು, ಆಮೇಲೆ ಅದರ ಮುಂದಿನದನ್ನು.