ತಾನಾಗಿಯೇ ಹತ್ತಿದಳಂತೆ

“ಏ ಮುದುಕಿ, ಬಗ್ಗೇ! ಮಗಳು ಟಿವೀಲಿ ಬರ್ತಾಳೆ ಅಂತ ಕಸ ತಾನಾಗೇ ಎದ್ದು ಹೋಗುತ್ತಾ?”

ಮೇಸ್ತ್ರಿ ಹಿಂದಿನಿಂದ ಕೂಗಿದಾಗ ನಾನು ಕ್ರೀಡಾಂಗಣದ ಕುರ್ಚಿಗಳ ಕೆಳಗೆ ಕೈಹಾಕಿ ಪ್ಲಾಸ್ಟಿಕ್ ಲೋಟಗಳನ್ನು ಎಳೆಯುತ್ತಿದ್ದೆ. ಹಿಂದಿನ ದಿನ ಆಟ ನಡೆದಿತ್ತು. ಜನ ಚೆಲ್ಲಿದ್ದು, ಉಗಿದದ್ದು ಎಲ್ಲ ನೆಲಕ್ಕೆ ಅಂಟಿತ್ತು.

“ಇನ್ನೂ ಬಗ್ಗಿದ್ರೆ ನೆಲದೊಳಗೇ ಹೋಗ್ಬೇಕು ನೀನು” ಎಂದು ಜೊತೆಯವಳು ಪಿಸುಗುಟ್ಟಿದಳು. ಇಬ್ಬರೂ ಮುಸಿಮುಸಿ ನಕ್ಕೆವು. ಆ ನಗು ಬಾಯಲ್ಲಿರುವಾಗಲೇ ಗೇಟಿನ ಕಾವಲುಗಾರ ಓಡಿ ಬಂದ.

“ಅಕ್ಕಾ, ಬಾ ಇಲ್ಲಿ. ನಿನ್ ಮಗಳ ಫೋಟೋ ಹಾಕಿದಾರೆ.”

“ದಿನಾ ಹಾಕ್ತಾರಲ್ಲಪ್ಪ.”

“ಇವತ್ತು ಬೇರೆ ಥರ ಹಾಕಿದಾರೆ.”

ಗೇಟಿನ ಕೋಣೆಯ ಟಿವಿಯಲ್ಲಿ ನನ್ನ ಮಗಳ ಮುಖದ ಸುತ್ತ ಕಪ್ಪು ಚೌಕಟ್ಟು ಇತ್ತು. ಕೆಳಗೆ ಓಡುತ್ತಿದ್ದ ಅಕ್ಷರಗಳನ್ನು ಕಾವಲುಗಾರ ತಡವರಿಸುತ್ತ ಓದಿದ. ಬೇರೆ ಊರಿನ ಮೈದಾನದಲ್ಲಿ ಬಿರುಗಾಳಿಗೆ ಕ್ಯಾಮೆರಾದ ಅಟ್ಟಣಿಗೆ ಕುಸಿದು ನಮ್ಮ ವಾಹಿನಿಯ ಕ್ರೀಡಾ ವರದಿಗಾರ್ತಿ ನಿಧನ. ಎಚ್ಚರಿಕೆ ಮೀರಿ ತಾವಾಗಿಯೇ ಅಟ್ಟಣಿಗೆ ಹತ್ತಿದ್ದರು.

ಆ ಸಾಲು ಓಡಿ ಮುಗಿಯಿತು. ಮತ್ತೆ ಬಂತು. ಹೆತ್ತವಳಿಗೆ ಒಂದು ಫೋನ್ ಮಾಡಲು ಅವರಿಗೆ ಪುರುಸೊತ್ತು ಇರಲಿಲ್ಲ, ತಪ್ಪು ಯಾರದೆಂದು ಬರೆಯಲು ಇತ್ತು. ದೇವರಾಣೆಗೂ ಹೇಳುತ್ತೇನೆ, ಮೊದಲು ಬಂದದ್ದು ಅಳುವಲ್ಲ, ಸಂಶಯ.

ಮೇಸ್ತ್ರಿ ಬಾಗಿಲಲ್ಲಿ ನಿಂತು ನೋಡಿದ. ಗಂಟಲು ಸರಿಮಾಡಿಕೊಂಡ. “ಪಾಪ. ಹೋಗು, ಹೋಗು. ಆ ಕುರ್ಚಿ ಸಾಲೊಂದು ಮುಗಿಸಿ ಹೋಗು” ಎಂದ.

ನನ್ನ ಮಗಳು ಎತ್ತರಕ್ಕೆ ಹೆದರುತ್ತಿದ್ದಳು. ಚಿಕ್ಕವಳಿದ್ದಾಗ ನನ್ನ ಜೊತೆ ಕೆಲಸಕ್ಕೆ ಬಂದರೆ ಮೇಲಿನ ಗ್ಯಾಲರಿಯ ಮೆಟ್ಟಿಲ ಬುಡದಲ್ಲೇ ಕುಳಿತುಬಿಡುತ್ತಿದ್ದಳು. “ನೀನು ಗುಡಿಸಿ ಬಾರಮ್ಮ, ನಂಗೆ ಆಟ ಇಲ್ಲಿಂದ್ಲೇ ಚೆನ್ನಾಗಿ ಕಾಣುತ್ತೆ” ಅನ್ನುತ್ತಿದ್ದಳು. ಬೆಳೆದ ಮೇಲೂ ಮಾಳಿಗೆಗೆ ಬಟ್ಟೆ ಒಣಹಾಕಲು ಹೋದವಳಲ್ಲ. ಅಂಥವಳು ಬಿರುಗಾಳಿಯಲ್ಲಿ ಕಬ್ಬಿಣದ ಕಂಬಿ ಹಿಡಿದು ತಾನಾಗಿಯೇ ಹತ್ತಿದಳಂತೆ.

ಆಟದ ಹುಚ್ಚು ಅವಳಿಗೆ ಆ ಮೆಟ್ಟಿಲ ಬುಡದಲ್ಲೇ ಹಿಡಿದದ್ದು. ಓದಿದಳು, ವಾಹಿನಿಗೆ ಸೇರಿದಳು. ಅಲ್ಲಿಯ ಕ್ರೀಡಾ ವಿಭಾಗದ ಮುಖ್ಯಸ್ಥನಿಗೆ ಅವಳು ಇಟ್ಟ ಹೆಸರು ಸೆಂಟುಸಾಹೇಬ. ಅವನು ಬರುವ ಮೊದಲು ಅವನ ವಾಸನೆ ಬರುತ್ತಿತ್ತಂತೆ. ತಾಯಿ ಏನು ಮಾಡುತ್ತಾಳೆ ಎಂದು ಮೊದಲ ವಾರವೇ ಅವನು ಎಲ್ಲರೆದುರು ಕೇಳಿದ. ಇವಳು ಮುಚ್ಚಿಡದೆ ಹೇಳಿದಳು.

“ಓಹೋ, ಅದಕ್ಕೇ ನಿಂಗೆ ಗ್ರೌಂಡ್ ಇಷ್ಟು ಚೆನ್ನಾಗಿ ಗೊತ್ತು! ಪೊರಕೆ ಜೊತೆ ತಂದಿದೀಯಾ, ಮನೇಲೇ ಬಿಟ್ಟು ಬಂದಿದೀಯಾ?”

ಎಲ್ಲರೂ ನಕ್ಕರಂತೆ. ಅವಳೂ ನಕ್ಕಳಂತೆ. ನನಗೆ ಹೇಳುವಾಗ ನಗಲಿಲ್ಲ.

ಆಟಗಾರರ ಊಟ, ಬಟ್ಟೆ, ಹೆಂಡತಿಯರ ವಿಷಯ ಕೇಳು, ಆಟದ ವಿಷಯ ಗಂಡಸರು ನೋಡಿಕೊಳ್ಳುತ್ತಾರೆ ಎಂದು ಅವಳಿಗೆ ಕಟ್ಟಪ್ಪಣೆ. ಒಮ್ಮೆ ಅವಳು ಸೊನ್ನೆಗೆ ಔಟಾದ ದೊಡ್ಡ ಆಟಗಾರನೊಬ್ಬನನ್ನು ಆಟದ ಬಗ್ಗೆಯೇ ಕೇಳಿದಳು. ಅವನು ಸಿಟ್ಟಾಗಿ, “ನೀನು ಯಾವತ್ತಾದ್ರೂ ಬ್ಯಾಟ್ ಹಿಡಿದಿದೀಯೇನಮ್ಮಾ?” ಎಂದ. “ಇಲ್ಲ ಸರ್, ಇವತ್ತು ನೀವೂ ಹಿಡಿದ ಹಾಗೆ ಕಾಣ್ಲಿಲ್ಲ” ಎಂದಳು ನನ್ನ ಮಗಳು. ನಮ್ಮ ಬೀದಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಸೆಂಟುಸಾಹೇಬ ಮಾತ್ರ ಅದನ್ನು ಮರೆಯಲಿಲ್ಲ. ಆಮೇಲೆ ಅವಳಿಗೆ ಸಿಕ್ಕಿದ್ದೆಲ್ಲ ಮಳೆ, ಬಿಸಿಲು, ದೂರದ ಊರು. “ಇವಳು ತಾನಾಗೇ ಕೆಲಸ ಬಿಟ್ಟು ಹೋಗ್ಲಿ ಅಂತ ಅವರು ಕಾಯ್ತಿದಾರಮ್ಮ. ನಾನು ಬಿಡಲ್ಲ” ಎಂದಿದ್ದಳು.

ಮಣ್ಣು ಮಾಡುವ ದಿನ ವಾಹಿನಿಯಿಂದ ನನ್ನಷ್ಟೇ ಎತ್ತರದ ಹೂವಿನ ಚಕ್ರ ಬಂತು. ಬದುಕಿದ್ದಾಗ ಒಂದು ಹೂ ಕೊಡದವರು ಇದನ್ನೇಕೆ ಕಳಿಸಿದರು ಎಂದು ಅದನ್ನೇ ನೋಡುತ್ತ ನಿಂತೆ. ಅವಳ ಜೊತೆ ಅಟ್ಟಣಿಗೆಯ ಮೇಲಿದ್ದ ಕ್ಯಾಮೆರಾದವನು ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ.

“ಏನಾಯ್ತಪ್ಪ ಅಲ್ಲಿ?”

“ಗಾಳಿ ಅಮ್ಮ. ಗಾಳಿ ಜೋರಿತ್ತು.”

“ಗಾಳಿ ಆಮೇಲೆ. ಅವಳು ಹೇಗೆ ಹತ್ತಿದಳು?”

ಅವನು ತನ್ನ ಚಪ್ಪಲಿ ನೋಡಿಕೊಂಡ. “ನಂಗೂ ಇಬ್ರು ಮಕ್ಕಳಿದಾರಮ್ಮ” ಎಂದ. ಕೇಳಿದ್ದಕ್ಕೆ ಉತ್ತರವಲ್ಲ ಅದು. ಆದರೆ ಉತ್ತರ ಬೇರೆಯೊಂದು ಇದೆ ಎಂದು ನನಗೆ ಗೊತ್ತಾಯಿತು.

ವಾರ ತುಂಬುವ ಮೊದಲೇ ವಾಹಿನಿಯವರು ನಮ್ಮ ಮನೆಗೆ ಬಂದರು. ಶ್ರದ್ಧಾಂಜಲಿ ಕಾರ್ಯಕ್ರಮವಂತೆ, ನೇರ ಪ್ರಸಾರವಂತೆ. ಹಿಂದಿನ ದಿನವೇ ಮೇಸ್ತ್ರಿ, “ದೊಡ್ಡೋರ ಎದುರು ಬಾಯಿ ಹದ್ದುಬಸ್ತಲ್ಲಿರಲಿ, ಕೆಲಸದ ಮೇಲೆ ಆಸೆ ಇದೆ ತಾನೇ?” ಎಂದಿದ್ದ. ಅವನಿಗೆ ಇದನ್ನು ಹೇಳಿಕೊಟ್ಟವರು ಯಾರು? ನನ್ನ ತಮ್ಮನೂ ಅದೇ ರಾಗ ಎಳೆದ.

“ಅಕ್ಕಾ, ಹೋದೋಳು ಹೋದ್ಲು. ಅವರು ಹೇಳಿದಂಗೆ ಹೇಳ್ಬಿಡು. ತಾನೇ ಹತ್ತಿದ್ಲು, ಧೈರ್ಯದ ಹುಡುಗಿ ಅಂತ. ಒಳ್ಳೇ ಮಾತೇ ಅಲ್ವಾ?”

“ಒಳ್ಳೇ ಮಾತಾದ್ರೆ ಅವರೇ ಹೇಳ್ಕೊಳ್ಳಲಿ. ನನ್ ಬಾಯಿ ಯಾಕೆ ಬೇಕು?”

ಒಳಕೋಣೆಯಲ್ಲಿ ದೇವರಿಗೆ ಕೈಮುಗಿದು ಬಂದು ಕುರ್ಚಿಯಲ್ಲಿ ಕೂತೆ. ನಮ್ಮ ಗೋಡೆಗಳು ಅಷ್ಟು ಬೆಳಕನ್ನು ಎಂದೂ ಕಂಡಿರಲಿಲ್ಲ. ಪಟ್ಟಿ ಕಟ್ಟಿದ ಕೈಯವನನ್ನೂ ಕರೆತಂದು ಮೂಲೆಯಲ್ಲಿ ನಿಲ್ಲಿಸಿದ್ದರು. ಕ್ಯಾಮೆರಾಕ್ಕೆ ಹೊಸಬ ಬಂದಿದ್ದ. ಒಬ್ಬ ಹುಡುಗಿ ನನ್ನ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿದಳು, ಕಿವಿಯೊಳಗೆ ಗುಂಡಿಯಂಥದ್ದೊಂದನ್ನು ತುರುಕಿದಳು. “ಆಫೀಸಿನಿಂದ ಕ್ರೀಡಾ ವಿಭಾಗದ ಸರ್ ಮಾತಾಡ್ತಾರೆ. ನೀವು ಹೇಳೋದು ಅವರಿಗೆ ಕೇಳುತ್ತೆ. ಅವರು ಹೇಳೋದು ನಿಮಗೆ ಮಾತ್ರ ಕೇಳುತ್ತೆ” ಎಂದಳು.

ಕಿವಿಯಲ್ಲಿ ಬೆಲ್ಲದಂಥ ದನಿ ಬಂತು. “ಅಮ್ಮಾ, ಮಗಳ ಧೈರ್ಯದ ಬಗ್ಗೆ ಹೇಳಿ. ಯಾರ ಮಾತೂ ಕೇಳದೆ ಹತ್ತಿದಳು ಅಂತ ಹೇಳಿ.”

ನಾನು ಕ್ಯಾಮೆರಾವನ್ನೇ ನೋಡುತ್ತ ಕೂತೆ. ಸೆಂಟುಸಾಹೇಬ ಯಾವುದೋ ಸ್ವಿಚ್ಚು ಆರಿಸುವುದನ್ನು ಮರೆತಿರಬೇಕು. ಅದೇ ದನಿ ಅಲ್ಲಿ ಆಫೀಸಿನವರೊಡನೆ ಮಾತಾಡಿದ್ದೂ ನನ್ನ ಕಿವಿಗೆ ಬಂತು.

“ಥೂ, ಈ ಮುದುಕಿ ಅಳ್ತಾನೂ ಇಲ್ಲ, ಬಾಯೂ ಬಿಡ್ತಿಲ್ಲ. ತಾನೇ ಹತ್ತಿದ್ಲು ಅಂತ ಅವಳ ಬಾಯಲ್ಲಿ ಬರ್ಬೇಕು ಕಣೋ. ಇಲ್ದಿದ್ರೆ ನನ್ ಕುತ್ತಿಗೆಗೆ ಬರುತ್ತೆ.”

“ಸರ್, ಅವತ್ತು ಮೇಡಂ ಹತ್ತೋದು ಬೇಡ ಬೇಡ ಅಂತಿದ್ದದ್ದು ನಮಗೆಲ್ಲ ಕೇಳಿಸಿತ್ತು…”

“ಬಾಯ್ಮುಚ್ಚೋ ಬೋಳಿಮಗನೆ.”

ಅಲ್ಲಿ ಅಷ್ಟು ಎತ್ತರದಲ್ಲಿ ನನ್ನ ಕೂಸಿನ ಕಿವಿಯಲ್ಲಿ ಇದ್ದದ್ದು ಇದೇ ದನಿ.

“ಸಾಹೇಬ್ರೇ, ನನ್ ಮಗಳು ಬೇಡ ಅಂದ್ಲಂತಲ್ಲ. ನೀವೇನಂದ್ರಿ? ಎಲ್ರಿಗೂ ಕೇಳೋ ಹಾಗೆ ಹೇಳಿ” ಎಂದೆ. ಕಿವಿಯಿಂದ ಗುಂಡಿ ಕಿತ್ತು ಸೆರಗಿನ ಮೈಕಿಗೆ ಒತ್ತಿ ಹಿಡಿದೆ.

ಮೈಕಿನ ಹುಡುಗಿ, “ಅಯ್ಯೋ ಅಮ್ಮಾ!” ಎಂದು ಕೈ ಚಾಚಿದಳು. ಹೊಸಬ ಕ್ಯಾಮೆರಾ ಆರಿಸಲು ಹೋದ. ಮೂಲೆಯಲ್ಲಿದ್ದವನು ಮುಂದೆ ಬಂದು, ಸರಿಯಿದ್ದ ಒಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದ. “ಬಿಡೋ, ನಡೀಲಿ” ಎಂದ.

ಗುಂಡಿಯೊಳಗೆ ಏನೋ ಗುಂಯ್‌ಗುಟ್ಟುತ್ತಿತ್ತು, ಮಾತು ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಟಿವಿಯಿಂದ, ಗೋಡೆಯಾಚೆಯಿಂದ, ನನ್ನದೇ ದನಿ ತಡವಾಗಿ ಬಂತು: “ನೀವೇನಂದ್ರಿ? ಎಲ್ರಿಗೂ ಕೇಳೋ ಹಾಗೆ ಹೇಳಿ.” ಅದರ ಹಿಂದೆಯೇ ಅವನ ಅರಚಾಟ.

“ಕಟ್ ಮಾಡ್ರೋ! ತಾಯಿ ಮಗಳು ಇಬ್ರೂ ಒಂದೇ ಜಾತಿ ಹಟ. ಹತ್ತೇ, ಇಲ್ದಿದ್ರೆ ನಾಳೆಯಿಂದ ಬರ್ಬೇಡ ಅಂದ ಮೇಲೇ ಅವಳು ಹತ್ತಿದ್ದು! ಕಟ್ ಮಾಡ್ರೋ!”

ಬೀದಿಯಲ್ಲಿ ಬಾಗಿಲುಗಳು ತೆರೆದ ಸದ್ದಾಯಿತು. ನನ್ನ ತಮ್ಮ ತಲೆಯ ಮೇಲೆ ಕೈಹೊತ್ತು ನೆಲದ ಮೇಲೆ ಕೂತ. ನಾನು ಕುರ್ಚಿಯಿಂದ ಇಳಿದು, ಆ ಬೆಳಕಿನಲ್ಲೇ ಮೊಣಕಾಲೂರಿ ಕೈಮುಗಿದೆ.

ದೇವರೇ, ನನ್ನ ಮಗಳ ಜೀವಕ್ಕೆ ಶಾಂತಿ ಕೊಡು. ಅವಳನ್ನು ನೆಲದ ಮೇಲೆಯೇ ಇರಿಸು, ಎಲ್ಲಿಗೂ ಹತ್ತಿಸಬೇಡ. ಅವಳ ಕಿವಿಯಲ್ಲಿ ಇನ್ನು ಯಾರ ದನಿಯೂ ಬೇಡ, ನಿನ್ನದೂ ಸ್ವಲ್ಪ ದಿನ ಬೇಡ, ಅವಳು ಮಲಗಲಿ. ಅವಳೊಬ್ಬಳಿಗೇ ಕೇಳುತ್ತಿದ್ದೇನೆ. ಉಳಿದವರಿಗೆ ಶಾಂತಿ ಕೊಡು ಎಂದು ನಾನು ಕೇಳುವುದಿಲ್ಲ.